ಹೊಲಕ್ಕೆ ಹೋಗೋಣ, ನೋಡಿ ಕಾಲಿಡೋಣ



ಇನ್ನು ಎಂಟು ದಿನಕ್ಕೆ ಎಳ್ಳಮಾಸಿ. ಮನೆ ಮನೆಯಲ್ಲಿ ಸಜ್ಜೆ ಹಿಟ್ಟು ಬೀಸಿ ಆಗಿದೆ. ಶೇಂಗಾ ಹುರಿದ ವಾಸನೆ ಓಣಿ ತುಂಬ ಬರುತ್ತಿದೆ. ಹಬ್ಬದ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಕೆಲವರು ಬಂಡಿ ಕಟ್ಟುತ್ತಾರೆ. ಕೆಲವರು ಟ್ರ್ಯಾಕ್ಟರ್ ಹತ್ತುತ್ತಾರೆ. ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪಾಂಡವರ ಪೂಜೆ ಮಾಡುತ್ತೇವೆ. ಬೆಳೆಯ ಸುತ್ತ ಚರಗ ಚೆಲ್ಲುತ್ತೇವೆ. ಆಮೇಲೆ ಬಂಧು ಬಳಗ ಎಲ್ಲ ಕೂಡಿ ಉಣ್ಣುತ್ತೇವೆ. ರೊಟ್ಟಿ, ಭಜ್ಜಿ, ಕಡಬು, ಹೋಳಿಗೆ, ಮೊಸರು. ಮಕ್ಕಳು ಜೋಳದ ಸಾಲಿನಲ್ಲಿ ಓಡಾಡುತ್ತಾರೆ. ವರ್ಷವಿಡೀ ದುಡಿಯುವ ಹೊಲದಲ್ಲಿ ಒಂದು ದಿನ ಸುಮ್ಮನೆ ಕೂತು ಉಣ್ಣುವುದು ಎಷ್ಟು ಚೆಂದ ಅಲ್ಲವೇ?

ಇಂಥ ಹೊತ್ತಿನಲ್ಲಿ ಹಾವಿನ ಮಾತು ಯಾಕೆ ಎಂದು ನೀವು ಕೇಳಬಹುದು. ನಮ್ಮ ಹಿರಿಯರು ಸಂಜೆಯಾದರೆ ಹಾವು ಎಂದೂ ಅನ್ನುವುದಿಲ್ಲ. ಹುಳ ಎನ್ನುತ್ತಾರೆ. ಕಚ್ಚಿತು ಅನ್ನುವುದಿಲ್ಲ. ಮುಟ್ಟಿತು ಎನ್ನುತ್ತಾರೆ. ಹೆಸರು ಹೇಳದಿದ್ದರೆ ಹಾವು ಬರುವುದಿಲ್ಲ ಎಂಬ ನಂಬಿಕೆ. ಆದರೆ ಹೇಳದೆ ಇದ್ದು ನಾವು ಒಂದು ಜೀವ ಕಳೆದುಕೊಂಡಿದ್ದೇವೆ. ಅದಕ್ಕೇ ಇವತ್ತು ಬಾಯಿ ಬಿಟ್ಟು ಹೇಳುತ್ತೇವೆ.

ಗೊತ್ತಿಲ್ಲದೆ ಕಳೆದುಕೊಂಡ ಜೀವ

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಹುಡುಗ ಬೆಳೆ ಕಾಯಲು ಹೊಲದಲ್ಲಿ ಮಲಗುತ್ತಿದ್ದ. ವಯಸ್ಸು ಇಪ್ಪತ್ತೂ ಆಗಿರಲಿಲ್ಲ. ಅಲ್ಲೇ ಒಂದು ಗುಡಿಸಲು. ನೆಲದ ಮೇಲೆ ಕಂಬಳಿ ಹಾಸಿ ಮಲಗುವುದು ಅವನ ರೂಢಿ.

ಒಂದು ದಿನ ನಸುಕಿನಲ್ಲಿ ಊರಿಗೆ ನಡೆದು ಬಂದ. ಹೊಟ್ಟೆ ನೋಯುತ್ತದೆ ಎಂದ. ನಾವು ಕೇಂದ್ರದ ಕಟ್ಟೆಯ ಮೇಲೆ ಕೂತಿದ್ದೆವು. ಹಸಿ ಶೇಂಗಾ ತಿಂದಿರಬೇಕು ಎಂದೆವು. ಸೋಡಾ ಕುಡಿಸಿದೆವು. ಅವನ ಕಣ್ಣಿನ ರೆಪ್ಪೆ ಮುಚ್ಚಿ ಮುಚ್ಚಿ ಬರುತ್ತಿದ್ದವು. ರಾತ್ರಿ ನಿದ್ದೆ ಆಗಿಲ್ಲ, ಮಲಕೋ ಎಂದೆವು. ಅವನು ಮಲಗಿದ. ಸ್ವಲ್ಪ ಹೊತ್ತಿಗೆ ಮಾತು ತೊದಲಿತು. ಗಂಟಲಲ್ಲಿ ಉಗುಳು ಇಳಿಯದಾಯಿತು. ಆಗ ಗಾಬರಿಯಾಗಿ ಗಾಡಿ ಹುಡುಕಿದೆವು. ದಾರಿಯಲ್ಲೇ ಅವನ ಉಸಿರು ನಿಂತಿತು.

ಅವನ ಮೈಮೇಲೆ ಗಾಯ ಇರಲಿಲ್ಲ. ಬಾವು ಇರಲಿಲ್ಲ. ಗುಡಿಸಲಿಗೆ ಹೋಗಿ ಕಂಬಳಿ ಕೊಡವಿದಾಗ ಅದರ ಮಡಿಕೆಯಲ್ಲಿ ಕಟ್ಟುಹಾವು ಇತ್ತು.

ಕಟ್ಟುಹಾವಿನ ಹಲ್ಲು ಸಣ್ಣವು. ಕಚ್ಚಿದರೆ ಸೊಳ್ಳೆ ಕಡಿದಷ್ಟೂ ನೋವು ಆಗದಿರಬಹುದು. ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಹೊಟ್ಟೆನೋವು, ರೆಪ್ಪೆ ಇಳಿಯುವುದು, ಮಾತು ತೊದಲುವುದು, ಉಸಿರು ಕಟ್ಟುವುದು ಅದರ ವಿಷದ ಗುರುತು. ಎಲ್ಲವೂ ನಮ್ಮ ಕಣ್ಣ ಮುಂದೆಯೇ ನಡೆದಿತ್ತು. ನಮಗೆ ಓದು ಬರುತ್ತಿತ್ತು. ಆದರೆ ಆ ಗುರುತು ಓದಲು ಬರಲಿಲ್ಲ. ಅವನ ತಾಯಿ ಈಗಲೂ ನಮ್ಮನ್ನು ಕಂಡರೆ ಕೂಡ್ರಿ ಎಂದು ಚಾಪೆ ಹಾಸುತ್ತಾಳೆ. ನಮಗೆ ಕೂಡಲು ಆಗುವುದಿಲ್ಲ.

ನಾಲ್ಕು ಹಾವು ಗುರುತಿರಲಿ

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮನುಷ್ಯನನ್ನು ಕೊಲ್ಲುವ ವಿಷ ಇಲ್ಲ. ಕೇರೆ ಹಾವಿಗೆ ವಿಷ ಇಲ್ಲ. ಹೊಲದಲ್ಲಿ ಹೆಚ್ಚು ಜೀವ ತೆಗೆಯುವವು ಮುಖ್ಯವಾಗಿ ನಾಲ್ಕು.

ಒಂದು, ನಾಗರಹಾವು. ಇದು ಹೆಡೆ ಎತ್ತುತ್ತದೆ. ಎಲ್ಲರಿಗೂ ಗೊತ್ತು.

ಎರಡು, ಕಟ್ಟುಹಾವು. ಮೈ ಕಪ್ಪು, ಮಿರಿಮಿರಿ ಮಿಂಚುತ್ತದೆ. ಮೇಲೆ ಬಿಳಿಯ ಸಣ್ಣ ಪಟ್ಟೆ. ಹಗಲಲ್ಲಿ ಅಡಗಿ ರಾತ್ರಿ ಓಡಾಡುತ್ತದೆ.

ಮೂರು, ಕೊಳಕುಮಂಡಲ. ದಪ್ಪ ಮೈ. ಬೆನ್ನ ಮೇಲೆ ಸರಪಳಿ ಹಾಕಿದ ಹಾಗೆ ಕಂದು ಬಣ್ಣದ ಚುಕ್ಕೆ. ಕುಕ್ಕರ್ ಕೂಗಿದ ಹಾಗೆ ಜೋರಾಗಿ ಬುಸುಗುಟ್ಟುತ್ತದೆ. ಕೆಲವರು ಇದನ್ನು ಹೆಬ್ಬಾವಿನ ಮರಿ ಎಂದು ತಿಳಿದು ಕೈ ಹಾಕಿ ಕೆಡುತ್ತಾರೆ.

ನಾಲ್ಕು, ಗರಗಸ ಮಂಡಲ. ಇದು ಚಿಕ್ಕದು. ಒಂದು ಗೇಣು, ಎರಡು ಗೇಣು ಕಾಣುತ್ತದೆ. ಒಣ ಭೂಮಿ, ಕಲ್ಲಿನ ಸಂದಿ ಇದರ ಮನೆ. ಸುರುಳಿ ಸುತ್ತಿ ಮೈಗೆ ಮೈ ತಿಕ್ಕುತ್ತದೆ. ಆಗ ಗರಗಸ ಎಳೆದಂತೆ ಸದ್ದು ಬರುತ್ತದೆ. ಚಿಕ್ಕದು ಎಂದು ಅಸಡ್ಡೆ ಮಾಡಬೇಡಿ.

ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಏರುತ್ತದೆ. ರೆಪ್ಪೆ ಇಳಿಯುತ್ತದೆ. ಉಸಿರು ಕಟ್ಟುತ್ತದೆ. ಮಂಡಲ ಹಾವುಗಳ ವಿಷ ರಕ್ತಕ್ಕೆ ಏರುತ್ತದೆ. ಕಚ್ಚಿದ ಕಡೆ ಬಾವು ಬರುತ್ತದೆ. ರಕ್ತ ಹೆಪ್ಪುಗಟ್ಟುವುದಿಲ್ಲ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರಬಹುದು. ಕೊಳಕುಮಂಡಲದ ವಿಷದಿಂದ ಮೂತ್ರಪಿಂಡವೂ ಕೆಡಬಹುದು.

ಈ ನಾಲ್ಕೂ ಹಾವಿನ ವಿಷಕ್ಕೆ ಸೇರಿ ಒಂದೇ ಮದ್ದು ಇದೆ. ಅದು ಆಸ್ಪತ್ರೆಯಲ್ಲಿ ಸಿಗುತ್ತದೆ. ಸೊಪ್ಪಿನಲ್ಲಿ ಇಲ್ಲ, ಬೇರಿನಲ್ಲಿ ಇಲ್ಲ, ಕರಿಕಲ್ಲಿನಲ್ಲಿ ಇಲ್ಲ. ಹಾವು ಯಾವುದು ಎಂದು ತಿಳಿಯಲು ಅದನ್ನು ಹೊಡೆದು ಆಸ್ಪತ್ರೆಗೆ ಒಯ್ಯಬೇಕಾಗಿಲ್ಲ. ರೋಗಿಯ ಮೈಮೇಲಿನ ಗುರುತು ನೋಡಿಯೇ ವೈದ್ಯರು ಮದ್ದು ಕೊಡುತ್ತಾರೆ. ಹೊಡೆಯಲು ಹೋಗಿ ಎರಡನೆಯವರೂ ಕಚ್ಚಿಸಿಕೊಂಡದ್ದು ಉಂಟು.

ಚರಗದ ದಿನ

ಈಗ ಇನ್ನೊಂದು ಸಂಗತಿ ಹೇಳುತ್ತೇವೆ. ಇದೂ ನಮ್ಮ ಕಣ್ಣ ಮುಂದೆ ನಡೆದದ್ದು. ಅವತ್ತು ಎಳ್ಳಮಾಸಿಯೇ.

ನಮ್ಮ ಕೇಂದ್ರದ ಒಂದು ಮನೆಯವರು ನಮ್ಮನ್ನು ಊಟಕ್ಕೆ ಕರೆದಿದ್ದರು. ಅತ್ತೆ, ಸೊಸೆ ಇಬ್ಬರೂ ಕೇಂದ್ರಕ್ಕೆ ಬರುವವರು. ಸೊಸೆ ಓದಲು ಕಲಿತಿದ್ದಳು. ಅತ್ತೆ ಇನ್ನೂ ತಮ್ಮ ಹೆಸರು ತಿದ್ದುತ್ತಿದ್ದರು. ಹೊಲ ಮುಟ್ಟಿದ ಕೂಡಲೇ ಅತ್ತೆ ಪಾಂಡವರನ್ನು ಇಡಲು ಕಲ್ಲು ಆರಿಸಲು ಹೋದರು. ಬದುವಿನ ಮೇಲೆ ಕಲ್ಲಿನ ಗುಂಪಿ ಇತ್ತು. ನಾಲ್ಕು ಕಲ್ಲು ಆಯಿತು. ಐದನೆಯ ಕಲ್ಲಿಗೆ ಸಂದಿಯಲ್ಲಿ ಕೈ ಹಾಕಿದರು.

"ಯವ್ವಾ!" ಎಂದು ಕೂಗಿ ಕೈ ಹಿಂದಕ್ಕೆ ಎಳೆದರು. ಹಿಡಿಯಷ್ಟು ಸುರುಳಿ. ಗರಗಸದ ಸದ್ದು. ಅದು ಗರಗಸ ಮಂಡಲ. ಬಲಗೈ ನಡುಬೆರಳಿನಲ್ಲಿ ಎರಡು ಹನಿ ರಕ್ತ.

ಎಲ್ಲರೂ ಓಡಿ ಬಂದರು. ಒಬ್ಬರು ಎತ್ತಿನ ಹಗ್ಗ ತಂದು ಮೊಣಕೈ ಮೇಲೆ ಬಿಗಿಯಲು ಹೋದರು. ಇನ್ನೊಬ್ಬರು ಕುಡಗೋಲು ತಂದರು, ಗಾಯ ಕೊಯ್ದು ರಕ್ತ ಬಿಡೋಣ ಎಂದರು. ನಾವು ಕೈ ಅಡ್ಡ ಹಿಡಿದೆವು. ಬಿಗಿಯಾಗಿ ಕಟ್ಟಿದರೆ ವಿಷ ನಿಲ್ಲುವುದಿಲ್ಲ. ಕೈಗೆ ರಕ್ತ ಹೋಗದೆ ಕೈಯೇ ಕೊಳೆಯಬಹುದು. ಕೊಯ್ದರೆ ಹೆಪ್ಪುಗಟ್ಟದ ರಕ್ತ ಹರಿಯುತ್ತಲೇ ಇರುತ್ತದೆ. ಬಾಯಿಂದ ಹೀರಿದರೂ ವಿಷ ಹೊರಗೆ ಬರುವುದಿಲ್ಲ.

ಅಷ್ಟರಲ್ಲಿ ಸೊಸೆ ಅತ್ತೆಯನ್ನು ನೆಲಕ್ಕೆ ಕೂಡಿಸಿದಳು.

"ಅತ್ತಿ, ಕೈ ಅಲುಗಾಡಸಬ್ಯಾಡ್ರಿ. ಬಳಿ ತೆಗೀತೀನಿ."

"ಹಬ್ಬದ ದಿನ ಬಳಿ ತೆಗೀತಾರೇನ? ಮುತ್ತೈದಿ ನಾನು. ಬ್ಯಾಡ" ಎಂದು ಅತ್ತೆ ಕೈ ಎಳೆದುಕೊಂಡರು.

"ಕೈ ಬಾತ್ರ ಬಳಿ ಒಳಗ ಇಳೀತಾವ್ರಿ. ಜೀವ ಇದ್ರ ನಾಳೆ ಬಳಿಗಾರ ಬರ್ತಾನ."

ಅತ್ತೆ ಮಾತಾಡಲಿಲ್ಲ. ಕೈ ಮುಂದೆ ಚಾಚಿದರು. ಬುತ್ತಿಯಲ್ಲಿದ್ದ ಎಣ್ಣೆ ಸವರಿ ಸೊಸೆ ಒಂದೊಂದಾಗಿ ಬಳೆ ಜಾರಿಸಿದಳು. ಉಂಗುರವನ್ನೂ ತೆಗೆದಳು. ಜೋಳದ ದಂಟು ಎರಡು ಮುರಿದು ಕೈಯ ಎರಡೂ ಕಡೆ ಇಟ್ಟಳು. ಸೆರಗಿನ ಬಟ್ಟೆ ಸಡಿಲವಾಗಿ ಸುತ್ತಿದಳು. ಮುರಿದ ಕೈಗೆ ಕಟ್ಟುವ ಹಾಗೆ. ಕೈ ಅಲುಗಬಾರದು ಅಷ್ಟೇ. ಅಲುಗಿದಷ್ಟೂ ವಿಷ ಬೇಗ ಏರುತ್ತದೆ.

ಆಮೇಲೆ ನಮ್ಮ ಕಿಸೆಯ ಪೆನ್ನು ಕೇಳಿದಳು. ಫೋನಿನಲ್ಲಿ ಹೊತ್ತು ನೋಡಿದಳು. ತನ್ನ ಎಡಗೈ ಅಂಗೈಯಲ್ಲಿ ಬರೆದಳು: 11-20. ಕಾಗದವಾದರೆ ಕಳೆದೀತು ಎಂದು ಕೈಯಲ್ಲೇ ಬರೆದಳು.

ಆದರೆ ಮಾವ ಒಪ್ಪಲಿಲ್ಲ. ಪಕ್ಕದ ಊರಿನಲ್ಲಿ ವಿಷ ಇಳಿಸುವ ಅಜ್ಜ ಇದ್ದಾರೆ. ಮೊದಲು ಅಲ್ಲಿಗೆ ಹೋಗೋಣ ಎಂದು ಹಟ ಹಿಡಿದರು. ಅವರ ತಂದೆಯ ಕಾಲದಿಂದ ಅದೇ ರೂಢಿ. ಸುಮ್ಮನೆ ಬೈದರೆ ಹೊತ್ತು ಹೋಗುತ್ತಿತ್ತು. ನಾವು ಆ ಅಜ್ಜನಿಗೇ ಫೋನ್ ಮಾಡಿದೆವು. "ಅಜ್ಜಾರ, ನೀವು ಆಸ್ಪತ್ರಿ ಬಾಗಿಲಿಗೇ ಬಂದು ಮಂತ್ರ ಹಾಕ್ರಿ, ನಾವು ಅಲ್ಲಿಗೇ ಬರ್ತೀವಿ" ಎಂದೆವು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲ ಸೂಜಿ ಆಗ್ಲಿ. ಮಂತ್ರ ಎಲ್ಲಿ ಓಡಿ ಹೋಗ್ತೈತಿ?" ಎಂದರು. ಆ ಒಂದು ಮಾತಿಗೆ ಮಾವ ಟಂಟಂ ಹತ್ತಿದರು.

108ಕ್ಕೂ ಫೋನ್ ಮಾಡಿದ್ದೆವು. ಡಾಂಬರು ರಸ್ತೆಗೆ ಬರುವ ಹೊತ್ತಿಗೆ ಅದೂ ಬಂತು. ಆಂಬುಲೆನ್ಸಿನಲ್ಲಿ ಸೊಸೆ ಮತ್ತೆ ಪೆನ್ನು ಕೇಳಿದಳು. ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಅತ್ತೆಯ ಕೈಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: 12-05.

ಆಸ್ಪತ್ರೆಯಲ್ಲಿ

ತಾಲೂಕು ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಸೊಸೆಯ ಅಂಗೈ ನೋಡಿದರು. ಆಮೇಲೆ ಅತ್ತೆಯ ಕೈಮೇಲಿನ ಗೆರೆ ನೋಡಿದರು. ಬಾವು ಆಗಲೇ ಆ ಗೆರೆ ದಾಟಿ ಎರಡು ಬೆರಳು ಮೇಲೆ ಹೋಗಿತ್ತು. ಎಷ್ಟು ಹೊತ್ತಿಗೆ ಎಷ್ಟು ಏರಿದೆ ಎಂದು ಯಾರನ್ನೂ ಕೇಳುವ ಕೆಲಸ ಉಳಿಯಲಿಲ್ಲ.

ಅವರು ಸ್ವಲ್ಪ ರಕ್ತ ತೆಗೆದರು. ಒಣಗಿದ, ಶುಚಿಯಾದ ಗಾಜಿನ ಕೊಳವೆಯಲ್ಲಿ ಹಾಕಿದರು. ಅಲುಗಿಸದೆ 20 ನಿಮಿಷ ಇಟ್ಟರು. ಆಮೇಲೆ ಕೊಳವೆ ಓರೆ ಮಾಡಿದರು. ಒಳ್ಳೆಯ ರಕ್ತವಾದರೆ ಮೊಸರಿನ ಹಾಗೆ ಹೆಪ್ಪುಗಟ್ಟಿರಬೇಕು. ಇದು ನೀರಿನ ಹಾಗೆ ಹರಿಯಿತು. ವಿಷ ಏರಿದೆ ಎಂದು ತಿಳಿಯಿತು. ಇಷ್ಟು ಸರಳ ಪರೀಕ್ಷೆ. ದೊಡ್ಡ ಯಂತ್ರ ಬೇಕಿಲ್ಲ.

ಸಲೈನ್ ಮೂಲಕ ಮದ್ದು ಏರಿಸಿದರು. ಕೆಲವರಿಗೆ ಈ ಮದ್ದಿನಿಂದ ಮೈ ತುರಿಸುತ್ತದೆ, ಚಳಿ ಬರುತ್ತದೆ, ಉಸಿರಾಟಕ್ಕೆ ತೊಂದರೆಯೂ ಆಗಬಹುದು. ಅದಕ್ಕೆ ವೈದ್ಯರು ಪಕ್ಕದಲ್ಲೇ ಇರಬೇಕು. ಮನೆಯಲ್ಲಿ ಕೊಡುವ ಸೂಜಿ ಇದಲ್ಲ. ಆರು ತಾಸಿನ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿದರು. ಈ ಸಲ ಹೆಪ್ಪುಗಟ್ಟಿತು. ನಾಲ್ಕನೆಯ ದಿನ ಅತ್ತೆ ಮನೆಗೆ ಬಂದರು. ಬೆರಳು ಪೂರಾ ಮಡಚಲು ಎರಡು ತಿಂಗಳು ಬೇಕಾಯಿತು.

ಇನ್ನೊಂದು ಮಾತು ತಾಯಂದಿರು ನೆನಪಿಡಬೇಕು. ಮಗುವಿಗೆ ಹಾವು ಕಚ್ಚಿದರೂ ದೊಡ್ಡವರಿಗೆ ಕೊಡುವಷ್ಟೇ ಮದ್ದು ಬೇಕು. ಮೈ ಚಿಕ್ಕದಾದರೂ ಹಾವು ಬಿಡುವ ವಿಷ ಅಷ್ಟೇ ಅಲ್ಲವೇ? ಮಗುವಿಗೆ ಇಷ್ಟೊಂದು ಬಾಟಲಿ ಯಾಕೆ ಎಂದು ಹೆದರಬೇಡಿ.

ಈ ಮದ್ದು ಎಲ್ಲಿಂದ ಬರುತ್ತದೆ ಗೊತ್ತೇ? ಹಾವಿನ ವಿಷದಿಂದಲೇ. 1890ರ ದಶಕದಲ್ಲಿ ಫ್ರಾನ್ಸ್ ದೇಶದ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯ ವಿಜ್ಞಾನಿ ಈ ದಾರಿ ತೋರಿಸಿದರು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಡುತ್ತಾರೆ. ಕುದುರೆ ಸಾಯುವುದಿಲ್ಲ. ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಆ ರಕ್ತದ ತಿಳಿಯಿಂದ ಮದ್ದು ಮಾಡುತ್ತಾರೆ.

ವಿಷ ತೆಗೆಯುವವರು ಯಾರು? ನಮ್ಮ ನೆರೆಯ ತಮಿಳುನಾಡಿನ ಇರುಳ ಜನ. ಹಾವು ಹಿಡಿಯುವುದರಲ್ಲಿ ಅವರು ಬಲು ಜಾಣರು. ಹಿಂದೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದರು. ಚರ್ಮದ ವ್ಯಾಪಾರ ನಿಂತ ಮೇಲೆ ಕೆಲಸ ಹೋಯಿತು. 1978ರಲ್ಲಿ ಅವರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವುದು ಸಂಘದ ಕೆಲಸ. ನಮ್ಮೂರ ಅತ್ತೆಯ ಜೀವ ಉಳಿದದ್ದರಲ್ಲಿ ಇಂಥ ಬಡವರ ಕೈಯ ದುಡಿಮೆಯ ಪಾಲೂ ಇದೆ.

ಮಂತ್ರದಿಂದ ಉಳಿದವರು ಇಲ್ಲವೇ?

ನೀವು ಕೇಳಬಹುದು: "ಮಾಸ್ತರ್ರ, ನಮ್ಮ ಕಾಕಾಗ ಹಾವು ಮುಟ್ಟಿತ್ತು. ಮಂತ್ರ ಹಾಕಿಸಿದಿವಿ. ಉಳಕೊಂಡ್ರು. ಅದು ಹ್ಯಾಂಗ?"

ಸುಳ್ಳು ಅನ್ನುವುದಿಲ್ಲ. ಅವರು ಉಳಿದದ್ದು ನಿಜ. ಕಾರಣ ಹೇಳುತ್ತೇವೆ. ಹೆಚ್ಚಿನ ಹಾವುಗಳಿಗೆ ಕೊಲ್ಲುವ ವಿಷವೇ ಇಲ್ಲ ಎಂದು ಆಗಲೇ ಹೇಳಿದೆವು. ವಿಷದ ಹಾವೂ ಒಮ್ಮೊಮ್ಮೆ ಬರೀ ಹಲ್ಲು ಊರುತ್ತದೆ, ವಿಷ ಬಿಡುವುದಿಲ್ಲ. ಅಂಥವರು ಏನೂ ಮಾಡದಿದ್ದರೂ ಉಳಿಯುತ್ತಾರೆ. ಉಳಿದವರ ಕಥೆ ಊರೆಲ್ಲ ಹೇಳುತ್ತದೆ. ಹೋದವರ ಕಥೆಗೆ ಹಣೆಬರಹ ಎನ್ನುತ್ತದೆ. ಕಚ್ಚಿದ ಹಾವು ವಿಷ ಬಿಟ್ಟಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ತಿಳಿಯಲು ಆಗದು. ಆಸ್ಪತ್ರೆಯಲ್ಲಿ ತಿಳಿಯುತ್ತದೆ. ವಿಷ ಇಲ್ಲದಿದ್ದರೆ ಒಂದು ದಿನ ಇಟ್ಟುಕೊಂಡು ಕಳಿಸುತ್ತಾರೆ. ನಷ್ಟವೇನು?

ಹಣೆಬರಹ ಎಂದು ಬಿಟ್ಟ ಜೀವಗಳ ಲೆಕ್ಕ ದೊಡ್ಡದು. ವಿಜ್ಞಾನಿಗಳು 2000ದಿಂದ 2019ರವರೆಗಿನ ಲೆಕ್ಕ ಮಾಡಿದರು. ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು ಅಂದಾಜು. ಹೆಚ್ಚಿನವರು ಹಳ್ಳಿಯವರು. ಅದಕ್ಕೇ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಜಗತ್ತು ಅಲಕ್ಷ್ಯ ಮಾಡಿದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಎಂದು ಹೇಳಿತು. ಆದರೆ ಆಸ್ಪತ್ರೆಗೆ ಬಂದವರ ಲೆಕ್ಕ ತಾನೇ ಬರೆಯಲು ಆಗುವುದು? ಮನೆಯಲ್ಲೇ ಹೋದವರು ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾದರೆ ಹೊಲಕ್ಕೆ ಹೋಗಬಾರದೇ?

ಹೋಗಬೇಕು! ಹೊಲ ನಮ್ಮದು. ಆದರೆ ಹಾವಿಗೂ ಅದೇ ಮನೆ. ಅದು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇಲಿ ಹುಡುಕಿಕೊಂಡು ಬರುತ್ತದೆ. ಒಂದು ಹಾವು ಎಷ್ಟು ಇಲಿ ತಿನ್ನುತ್ತದೆಯೋ ಅಷ್ಟು ಕಾಳು ನಮ್ಮ ಕಣಜಕ್ಕೆ ಉಳಿಯುತ್ತದೆ. ಪಂಚಮಿಯ ದಿನ ಕೈ ಮುಗಿದು, ಮರುದಿನ ಬಡಿಗೆ ಹಿಡಿಯುವುದು ಬೇಡ. ದೂರ ನಿಂತು ದಾರಿ ಬಿಡೋಣ. 1972ರ ವನ್ಯಜೀವಿ ಕಾಯಿದೆಯೂ ಹಾವುಗಳಿಗೆ ರಕ್ಷಣೆ ಕೊಟ್ಟಿದೆ.

ಹೊಲದಲ್ಲಿ ಕಾಲಿಗೆ ಚಪ್ಪಲಿಗಿಂತ ಬೂಟು ಒಳ್ಳೆಯದು. ಹುಲ್ಲಿನಲ್ಲಿ ಕೋಲಿನಿಂದ ನೆಲ ಬಡಿಯುತ್ತ ನಡೆಯಬೇಕು. ಹಾವಿಗೆ ಹೊರಗೆ ಕಾಣುವ ಕಿವಿ ಇಲ್ಲ. ನೆಲದ ಅದುರು ಅದಕ್ಕೆ ತಿಳಿಯುತ್ತದೆ, ಸರಿದು ಹೋಗುತ್ತದೆ. ಆದರೆ ಮಂಡಲ ಹಾವು ಓಡದೆ ಬಿದ್ದುಕೊಂಡೇ ಇರಬಹುದು. ಆದ್ದರಿಂದ ಕಣ್ಣು ನೆಲದ ಮೇಲಿರಲಿ. ಕಲ್ಲು, ಕಟ್ಟಿಗೆ, ಕಣಿಕೆ ಎತ್ತುವ ಮೊದಲು ಕೋಲಿನಿಂದ ಸರಿಸಿ ನೋಡಬೇಕು. ಕಾಣದ ಸಂದಿಗೆ ಕೈ ಹಾಕಬಾರದು. ಕತ್ತಲಾದರೆ ಬ್ಯಾಟರಿ ಬೇಕೇ ಬೇಕು. ಹೊಲದಲ್ಲಿ ಮಲಗುವವರು ನೆಲದ ಮೇಲೆ ಮಲಗಬಾರದು. ಮಂಚ ಇರಲಿ. ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಪರದೆ ಸೊಳ್ಳೆಯನ್ನೂ ತಡೆಯುತ್ತದೆ, ಕಟ್ಟುಹಾವನ್ನೂ ತಡೆಯುತ್ತದೆ. ಆ ಹುಡುಗನಿಗೆ ಒಂದು ಪರದೆ ಇದ್ದಿದ್ದರೆ ಎಂದು ನಾವು ಎಷ್ಟೋ ರಾತ್ರಿ ಅಂದುಕೊಂಡಿದ್ದೇವೆ.

ಈಗ ನಿಮ್ಮ ಪುಸ್ತಕ ತೆಗೆಯಿರಿ. ಈ ಐದು ಮಾತು ಬರೆದುಕೊಳ್ಳಿ. ಮನೆಗೆ ಹೋಗಿ ಎಲ್ಲರಿಗೂ ಕೇಳುವಂತೆ ಓದಿ ಹೇಳಿ.

1. ಹಾವು ಕಚ್ಚಿದರೆ ಓಡಬಾರದು, ನಡೆಯಬಾರದು. ಧೈರ್ಯ ಹೇಳಿ ಕೂಡಿಸಿ ಅಥವಾ ಮಲಗಿಸಿ. ವಾಂತಿ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ.

2. ಉಂಗುರ, ಬಳೆ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಕೈ ಕಾಲು ಅಲುಗದಂತೆ ದಬ್ಬೆ ಇಟ್ಟು ಸಡಿಲವಾಗಿ ಸುತ್ತಿ.

3. ಬಿಗಿಯಾಗಿ ಕಟ್ಟಬೇಡಿ. ಕೊಯ್ಯಬೇಡಿ. ಹೀರಬೇಡಿ. ಸಾರಾಯಿ ಕುಡಿಸಬೇಡಿ. ಯಾರಾದರೂ ಮೊದಲೇ ಬಿಗಿದು ಕಟ್ಟಿದ್ದರೆ ದಾರಿಯಲ್ಲಿ ಒಮ್ಮೆಲೇ ಬಿಚ್ಚಬೇಡಿ, ವೈದ್ಯರಿಗೆ ತೋರಿಸಿ.

4. 108ಕ್ಕೆ ಫೋನ್ ಮಾಡಿ. ಯಾವ ಗಾಡಿ ಸಿಕ್ಕರೂ ನೇರವಾಗಿ ಆಸ್ಪತ್ರೆಗೆ ಹೋಗಿ.

5. ಕಚ್ಚಿದ ಹೊತ್ತು ಬರೆದುಕೊಳ್ಳಿ.

ಐದನೆಯ ಮಾತು ಬರೆಯುವಾಗ ನಮಗೆ ಆ ಸೊಸೆಯ ಅಂಗೈ ನೆನಪಾಗುತ್ತದೆ. ಅಂಕಿ ಕಲಿಯುವಾಗ ಅವಳು ಬಹಳ ಸಲ ಕೇಳಿದ್ದಳು: "ಇದನ್ನ ಕಲತು ಏನ್ ಮಾಡೂದೈತ್ರಿ?" ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಸಂತೆ ಲೆಕ್ಕಕ್ಕೆ, ಬಸ್ಸಿನ ನಂಬರಿಗೆ ಎಂದು ಹೇಳುತ್ತಿದ್ದೆವು.

ಅತ್ತೆ ಈಗಲೂ ಕೇಂದ್ರಕ್ಕೆ ಬರುತ್ತಾರೆ. ಬಲಗೈ ನಡುಬೆರಳು ಸ್ವಲ್ಪ ಬಿಗಿ. ಬಳಪ ಹಿಡಿಯಲು ಕಷ್ಟ. ಆದರೂ ಪೂರ್ತಿ ಹೆಸರು ಬರೆಯುತ್ತಾರೆ. ಈ ಸಲದ ಎಳ್ಳಮಾಸಿಗೆ ಪಾಂಡವರ ಐದು ಕಲ್ಲು ಅವರೇ ಆರಿಸುತ್ತಾರಂತೆ. "ಮೊದಲ ಕೋಲು, ಆಮ್ಯಾಲೆ ಕೈ" ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾರೆ.

ನಮ್ಮನ್ನೂ ಊಟಕ್ಕೆ ಕರೆದಿದ್ದಾರೆ. ನಾವು ಹೋಗುತ್ತೇವೆ. ನೀವೂ ನಿಮ್ಮ ನಿಮ್ಮ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಹೊಟ್ಟೆ ತುಂಬ ಉಂಡು, ಎಲ್ಲರೂ ಕ್ಷೇಮವಾಗಿ ಮನೆಗೆ ಬನ್ನಿ.